ಮೂಡಲಪಾಳ್ಯದ ರೈತರು

ಶಂಭುಲಿಂಗಪ್ಪನವರು ಬೇಡ ಅನ್ನುತ್ತಿದ್ದಾಗಲೇ ಚೆನ್ನಾಗಿತ್ತು ಎಂದು ಅವರ ಮಗಳು ವಚನಾಗೆ ಅನ್ನಿಸತೊಡಗಿದ್ದು ಅವರು ಹೂಂ ಅಂದ ಮೂರನೇ ದಿನಕ್ಕೆ. ಬೇಡ ಅನ್ನುವ ಅಪ್ಪನ ಜೊತೆ ಜಗಳವಾಡಬಹುದು, ಊಟ ಬಿಡಬಹುದು, ಬಾಗಿಲು ಹಾಕಿಕೊಂಡು ಕೂರಬಹುದು. ಹೂಂ ಅಂದು, ಮಗಳ ಆಸೆಯನ್ನೇ ಕೈಯಿಂದ ಕಿತ್ತುಕೊಂಡು, ಅದಕ್ಕೆ ತಾವೇ ಯಜಮಾನರಾಗಿ ನಿಂತ ಅಪ್ಪನ ಜೊತೆ ಏನು ಮಾಡುವುದು?

2005ರ ಏಪ್ರಿಲ್ ತಿಂಗಳು. ಮೂಡಲಪಾಳ್ಯದ ಆ ಮನೆಯ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ತಳ್ಳಿ ಹದಿನೇಳು ಸ್ಟೀಲ್ ಡಬ್ಬಗಳನ್ನು ಸಾಲಾಗಿ ಇಡಲಾಗಿತ್ತು. ಒಂದೊಂದರ ಮುಚ್ಚಳಕ್ಕೂ ಒಂದೊಂದು ನಂಬರಿನ ಚೀಟಿ. ಆಚೆ ತುದಿಯಲ್ಲಿ ಬನಿಯನ್ನು, ಪಂಚೆ ತೊಟ್ಟ ಶಂಭುಲಿಂಗಪ್ಪನವರು ಮರದ ಸ್ಕೇಲು ಹಿಡಿದು ನಿಂತಿದ್ದರು. ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಹತ್ತನೇ ವಯಸ್ಸಿಗೆ ದಾವಣಗೆರೆ ಕಡೆಯ ಹಳ್ಳಿ ಬಿಟ್ಟು ಮಠದ ಹಾಸ್ಟೆಲ್ ಸೇರಿದವರು ಆಮೇಲೆ ನೇಗಿಲು ಮುಟ್ಟಿರಲಿಲ್ಲ. ಅದಕ್ಕೆ ಮೊದಲು ಮುಟ್ಟಿದ್ದರು ಅನ್ನುವುದಕ್ಕೂ ಸಾಕ್ಷಿ ಇರಲಿಲ್ಲ. ಯಾವ ಊರು ಸಾರ್ ಎಂದು ಯಾರಾದರೂ ಕೇಳಿದರೆ ದಾವಣಗೆರೆ ಅಂದು ಮಾತು ಮುಗಿಸುತ್ತಿದ್ದರು, ಹಳ್ಳಿಯ ಹೆಸರು ಅವರ ಬಾಯಿಗೆ ಬರುತ್ತಿರಲಿಲ್ಲ. ಅಂಥವರು ಈಗ ಬೆಳಗ್ಗೆ ಹಾಲಿನವನಿಗೂ ಸಂಜೆ ಪಕ್ಕದ ಮನೆಯವರಿಗೂ ನಾವು ಒಕ್ಕಲುತನದೋರು ಎಂದು ಹೇಳಿಕೊಂಡು ಓಡಾಡುತ್ತಿದ್ದರು.

ಇದೆಲ್ಲ ಶುರುವಾದದ್ದು ರಸ್ತೆಯಿಂದ. ಆ ಮನೆ ಕಟ್ಟಿಸಿದಾಗ ಬೀದಿಯಿಂದ ಬಾಗಿಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಕೆಲವು ವರ್ಷಕ್ಕೊಮ್ಮೆ ಟಾರು ಹಾಕುವವರು ಬಂದರು. ಹಳೆಯ ಟಾರನ್ನು ಕೆರೆದು ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ, ಅದರ ಮೇಲೆಯೇ ಸುರಿದು ರೋಲರ್ ಓಡಿಸಿ ಹೋದರು. ರಸ್ತೆ ಬೆಳೆಯಿತು, ಮನೆ ಇದ್ದಲ್ಲೇ ಇತ್ತು. ವಚನಾ ಹೈಸ್ಕೂಲಿಗೆ ಬರುವ ಹೊತ್ತಿಗೆ ಬೀದಿಯಿಂದ ಮನೆಗೆ ಒಂದು ಮೆಟ್ಟಿಲು ಇಳಿಯಬೇಕಾಗಿತ್ತು. ಮಳೆ ಬಂತೆಂದರೆ ನೀರು ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ವಚನಾ ಮತ್ತು ಅವಳ ಅಮ್ಮ ಶಿವಗಂಗಮ್ಮ ಸೀರೆ, ಲಂಗ ಎತ್ತಿ ಕಟ್ಟಿಕೊಂಡು ಕಸದ ಮೊರದಲ್ಲಿ ನೀರು ಬಾಚಿ ಹೊರಗೆ ಚೆಲ್ಲುತ್ತಿದ್ದರು. ಶಂಭುಲಿಂಗಪ್ಪನವರು ಮಂಚದ ಮೇಲೆ ಕಾಲು ಮಡಿಸಿ ಕೂತು ಕಾರ್ಪೊರೇಷನ್ನಿಗೆ ಅರ್ಜಿ ಬರೆಯುತ್ತಿದ್ದರು. ಅವರ ಅಕ್ಷರ ಮುತ್ತಿನಂತಿತ್ತು, ಆದರೆ ನೀರಿಗೆ ಓದಲು ಬರುತ್ತಿರಲಿಲ್ಲ.

ಫಸ್ಟ್ ಪಿಯುಸಿಯಲ್ಲಿದ್ದಾಗ ಒಂದು ದಿನ ರೋಸಿಹೋಗಿ ವಚನಾ ಆ ನೀರನ್ನು ಹೊರಗೆ ಚೆಲ್ಲದೆ ಒಂದು ಬಕೆಟ್ಟಿಗೆ ತುಂಬಿಟ್ಟಳು. ಮರುದಿನ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ನಾಲ್ಕು ಬೆರಳು ಕೆಮ್ಮಣ್ಣು. ಕೈ ಹಾಕಿದರೆ ಜರಡಿ ಹಿಡಿದ ಹಿಟ್ಟಿನ ಹಾಗೆ ನುಣ್ಣಗಿತ್ತು. ಅವಳ ಬೀದಿಯಲ್ಲಿ ಮಣ್ಣೆಂಬುದೇ ಇರಲಿಲ್ಲ, ಎಲ್ಲಿ ನೋಡಿದರೂ ಟಾರು, ಸಿಮೆಂಟು. ಹಾಗಾದರೆ ಇದು ಯಾರ ಮಣ್ಣು? ಭಾನುವಾರ ಚರಂಡಿಯ ಗುಂಟ ಮೇಲಕ್ಕೆ ನಡೆದುಕೊಂಡು ಹೋದಳು. ಮುಕ್ಕಾಲು ಗಂಟೆಯಾದ ಮೇಲೆ ನಾಗರಭಾವಿಯ ಕಡೆ ಒಂದು ದಿಬ್ಬ ಸಿಕ್ಕಿತು. ಸೈಟು ಮಾಡಲೆಂದು ಅದರ ಮರಗಳನ್ನೆಲ್ಲ ಕಿತ್ತು, ಜೆಸಿಬಿಯಿಂದ ಮೇಲಿಂದ ಕೆಳಕ್ಕೆ ನೆಟ್ಟಗೆ ರಸ್ತೆ ಕಡಿದಿದ್ದರು. ಆ ರಸ್ತೆಯ ನಡುವೆ ಮಳೆನೀರು ಮೊಣಕಾಲುದ್ದ ಕೊರಕಲು ಮಾಡಿಕೊಂಡು ಇಳಿದುಹೋಗಿತ್ತು. ಕಳ್ಳನ ಮನೆ ಗೊತ್ತಾಯಿತು, ದೂರು ಕೊಡಲು ಸ್ಟೇಷನ್ನೇ ಇಲ್ಲ ಅನ್ನುವಂಥ ಸಿಟ್ಟು ಅವಳಿಗೆ ಬಂತು. ದಿಬ್ಬಕ್ಕೆ ಅಡ್ಡಡ್ಡಲಾಗಿ ನಾಲ್ಕು ಬದು ಹಾಕಿದ್ದರೆ ಈ ನೀರು ಅಲ್ಲೇ ನಿಂತು ಇಂಗುತ್ತಿತ್ತಲ್ಲ ಎಂದು ಕಾಲೇಜಿನಲ್ಲಿ ಬಾಟನಿ ಹೇಳುವ ವತ್ಸಲಾ ಮೇಡಂ ಹತ್ತಿರ ಹೇಳಿಕೊಂಡಳು. ಮೇಡಂ ನಗಲಿಲ್ಲ. ಅದನ್ನೇ ಓದುವುದಕ್ಕೆ ಒಂದು ದಾರಿ ಇದೆ, ಕೃಷಿ ಎಂಜಿನಿಯರಿಂಗು ಸೇರಿದರೆ ಅದರಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆ ಅನ್ನುವ ವಿಭಾಗವೇ ಇದೆ ಅಂದರು.

ಅವತ್ತಿನಿಂದ ವಚನಾಗೆ ಬೇರೇನೂ ಬೇಡವಾಯಿತು. ಶಂಭುಲಿಂಗಪ್ಪನವರಿಗೆ ಅದೊಂದು ಬಿಟ್ಟು ಬೇರೇನಾದರೂ ಸರಿ ಎಂದಾಯಿತು. ಮಣ್ಣು ನೋಡುವುದಕ್ಕೆ ಡಿಗ್ರಿ ಬೇಕಾ, ಎಲೆಕ್ಟ್ರಾನಿಕ್ಸ್ ತಗೋ, ಮದುವೆ ಮಾತಿಗೆ ಬಂದವರ ಮುಂದೆ ಏನಂತ ಹೇಳಲಿ, ಹೀಗೆ ವಾರಗಟ್ಟಲೆ ನಡೆಯಿತು.

ಇಷ್ಟು ಗಟ್ಟಿ ಮನುಷ್ಯ ಒಂದೇ ಸಂಜೆಯಲ್ಲಿ ಹೇಗೆ ಬದಲಾದರು ಅಂದರೆ, ಕಚೇರಿಯ ಲಕ್ಷ್ಮೀಪತಿ ಕಾಫಿ ಹೊತ್ತಿನಲ್ಲಿ ಒಂದು ಮಾತು ಹೇಳಿದರು. ಆ ಸೀಟುಗಳಲ್ಲಿ ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಮನೆತನದ ಹೆಸರಲ್ಲಿ ಪಹಣಿ ಇದ್ದರಾಯಿತು, ಬೀಜ ಮತ್ತು ಸಲಕರಣೆ ಗುರುತು ಹಿಡಿಯುವ ಒಂದು ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಬೇಕು, ಅಷ್ಟೆ. ಶಂಭುಲಿಂಗಪ್ಪನವರು ಸರ್ಕಾರಿ ಸೌಲಭ್ಯವೊಂದು ಕಣ್ಣೆದುರು ವ್ಯರ್ಥವಾಗುವುದನ್ನು ಸಹಿಸುವವರಲ್ಲ. ಎಲ್‌ಟಿಸಿ ಅವಧಿ ಮುಗಿಯುತ್ತದೆಂದು ಜ್ವರ ಬಂದ ಹೆಂಡತಿಯನ್ನು ಕನ್ಯಾಕುಮಾರಿಗೆ ಕರೆದುಕೊಂಡು ಹೋಗಿಬಂದವರು ಅವರು. ಆ ಶನಿವಾರವೇ ಹಳ್ಳಿಗೆ ಹೋಗಿ, ಅಲ್ಲೇ ಬೇಸಾಯ ಮಾಡಿಕೊಂಡಿದ್ದ ತಮ್ಮ ಮಡಿವಾಳಪ್ಪನಿಂದ ಮೂರು ಎಕರೆಯ ಪಹಣಿ ತೆಗೆಸಿಕೊಂಡು, ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಬಂದರು.

ಬಂದವರು ತರಬೇತಿ ಶುರು ಮಾಡಿದರು. ಬೀಜಗಳು ವಿಜಯನಗರದ ದಿನಸಿ ಅಂಗಡಿಯಿಂದ ಬಂದವು. ತೊಗರಿ ಅಂದರೆ ತೊಗರಿಬೇಳೆ, ಉದ್ದು ಅಂದರೆ ಉದ್ದಿನಬೇಳೆ, ಸಿಪ್ಪೆ ತೆಗೆದ ನವಣೆ, ಸಿಪ್ಪೆ ತೆಗೆದ ಸಾಮೆ, ಪಾಲಿಶ್ ಮಾಡಿದ ಅಕ್ಕಿ. ಪರೀಕ್ಷೆಯಲ್ಲಿ ಬೇಳೆ ಇಡುತ್ತಾರಾ ಅಪ್ಪಾಜಿ, ಇಡೀ ಕಾಳು ತಾನೇ ಇಡೋದು ಎಂದು ವಚನಾ ಮೊದಲ ದಿನವೇ ಕೇಳಿದಳು. ತೊಗರಿ ತೊಗರಿಯೇ, ತಲೆಹರಟೆ ಮಾಡಬೇಡ ಎಂಬ ಉತ್ತರ ಬಂತು. ಸಲಕರಣೆಗಳ ಪಾಠ ಇನ್ನೂ ಚೆಂದ. ಕುಂಟೆ, ಕೂರಿಗೆ, ಹಲುಬೆ ಎಂದು ಅವರು ಕಚೇರಿಯ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತರುತ್ತಿದ್ದರು. ಮೂರೂ ಬಾಚಣಿಗೆಯ ಹಾಗೆ ಕಾಣುತ್ತಿದ್ದವು.

ಸಾಲದ್ದಕ್ಕೆ ಶಿವಗಂಗಮ್ಮನವರಿಗೆ ಆ ಡಬ್ಬಗಳು ಅಡುಗೆಗೂ ಬೇಕಾಗಿದ್ದವು. ಅವರು ದಾವಣಗೆರೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗಳು, ಹೊಲದ ಸುದ್ದಿ ಅವರಿಗೂ ಅಷ್ಟಕ್ಕಷ್ಟೆ. ಸಾರಿಗೆ ಬೇಳೆ ತೆಗೆದುಕೊಂಡು ಹೋಗಿ, ತಿರುಗಿ ಇಡುವಾಗ ಯಾವ ಮುಚ್ಚಳ ಕೈಗೆ ಸಿಕ್ಕರೆ ಅದನ್ನು ಒತ್ತಿಬಿಡುತ್ತಿದ್ದರು. ಒಂದು ಸಂಜೆ ಹನ್ನೊಂದನೇ ಡಬ್ಬ ತೆಗೆದು ವಚನಾ ಸಾಮೆ ಅಂದಳು. ಶಂಭುಲಿಂಗಪ್ಪನವರು ಪಟ್ಟಿ ನೋಡಿ, ತಪ್ಪು, ನವಣೆ ಅಂದರು. ಅಮ್ಮ ಮುಚ್ಚಳ ಬದಲಾಯಿಸಿದ್ದಾಳೆ ಎಂದು ಅವಳು ಅಂದರೆ, ಹನ್ನೊಂದು ಅಂತ ಬರೆದಿದೆಯೋ ಇಲ್ಲವೋ ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಇಬ್ಬರೂ ಅಡುಗೆಮನೆಗೆ ನುಗ್ಗಿ ಹಿಡಿಯಷ್ಟು ಕಾಳನ್ನು ಶಿವಗಂಗಮ್ಮನವರ ಮೂಗಿನ ಮುಂದೆ ಹಿಡಿದರು. ಅವರು ಕನ್ನಡಕ ಏರಿಸಿ ನೋಡಿದರು.

"ಹೀಗ್ ನೋಡಿದ್ರೆ ನಂಗೇನ್ ಗೊತ್ತಾಗುತ್ರೀ? ಬೇಯಿಸಿದ್ರೆ ಹೇಳ್ತೀನಿ," ಅಂದರು.

ಬೇಯಿಸಿದರು. ಬೀಜದ ಹೆಸರು ತಿಳಿಯುವುದಕ್ಕೆ ಕುಕ್ಕರ್ ಇಟ್ಟು ಸೀಟಿ ಎಣಿಸಿದ ಒಕ್ಕಲು ಮನೆತನ ಭೂಮಿಯ ಮೇಲೆ ಅದೊಂದೇ ಇರಬೇಕು. ತಿಂದು ನೋಡಿ ಶಿವಗಂಗಮ್ಮ ಸಾಮೆ ಅಂದರು, ಶಂಭುಲಿಂಗಪ್ಪನವರು ಎರಡು ಸಲ ಹಾಕಿಸಿಕೊಂಡು ನವಣೆ ಅಂದರು. ವಚನಾ ತಟ್ಟೆ ತಳ್ಳಿ ಎದ್ದುಹೋದಳು.

ಅವಳ ಹತ್ತಿರ ಇದಕ್ಕೆಲ್ಲ ಬಹಳ ಸರಳವಾದ ಪರಿಹಾರವೊಂದಿತ್ತು. ಎಂಟು ದಿನ ಹಳ್ಳಿಗೆ ಹೋಗಿ ಮಡಿವಾಳಪ್ಪ ಚಿಕ್ಕಪ್ಪನ ಹಿಂದೆ ಓಡಾಡಿದರೆ ಎಲ್ಲ ಬೀಜವೂ, ಎಲ್ಲ ಸಲಕರಣೆಯೂ ಕಣ್ಣಿಗೆ ಬೀಳುತ್ತಿತ್ತು. ಹೇಳಿದಳು. ನಾನಿಲ್ಲವಾ ಎಂದು ಅಪ್ಪ ಕೇಳಿದರು. ಚಿಕ್ಕಪ್ಪನಿಗೆ ಫೋನ್ ಮಾಡಲು ಹೋದರೆ ರಿಸೀವರನ್ನು ಅವಳ ಕೈಯಿಂದ ಇಸಿದುಕೊಂಡು, ತಯಾರಿ ಭರ್ಜರಿಯಾಗಿ ನಡೀತಿದೆ ಕಣೋ ಎಂದು ತಮ್ಮನಿಗೆ ತಾವೇ ವರದಿ ಒಪ್ಪಿಸಿ ಇಟ್ಟುಬಿಟ್ಟರು. ಗೊತ್ತಿಲ್ಲ ಅನ್ನುವ ಮಾತನ್ನು, ಅದರಲ್ಲೂ ತಮ್ಮನ ಮುಂದೆ, ಆ ಮನುಷ್ಯ ಜಪ್ಪಯ್ಯ ಅಂದರೂ ಆಡುವವರಲ್ಲ. ಇದು ವಚನಾಗೆ ಅರ್ಥವಾಗುತ್ತಿತ್ತು, ಅರ್ಥವಾದಷ್ಟೂ ಮೈ ಉರಿಯುತ್ತಿತ್ತು. ಅಪ್ಪನ ಮರ್ಯಾದೆ ಉಳಿಯಲಿ ಎಂದು ತನ್ನ ಸೀಟು ಹೋಗಬೇಕೇ?

ಪರೀಕ್ಷೆ ಹೆಬ್ಬಾಳದ ಆಚೆ, ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಉದ್ದನೆಯ ಹಾಲಿನಲ್ಲಿ ಮೇಜುಗಳ ಸಾಲು, ಒಂದೊಂದರ ಮೇಲೂ ಒಂದೊಂದು ತಟ್ಟೆ, ನಿಮಿಷಕ್ಕೊಂದು ಗಂಟೆ. ಗಂಟೆ ಬಾರಿಸಿದರೆ ಮುಂದಿನ ಮೇಜು. ಅವಳ ಮುಂದಿದ್ದ ಹುಡುಗರು ತಟ್ಟೆಯನ್ನು ಸರಿಯಾಗಿ ನೋಡದೆಯೇ ಬರೆದುಕೊಂಡು ಹೋಗುತ್ತಿದ್ದರು. ವಚನಾ ನೋಡಿದಳು, ಬಗ್ಗಿ ನೋಡಿದಳು. ಎಲ್ಲದಕ್ಕೂ ಸಿಪ್ಪೆ ಇತ್ತು. ಅವಳಿಗೆ ಗೊತ್ತಿದ್ದ ಒಂದು ಕಾಳೂ ಅಲ್ಲಿ ಅವಳಿಗೆ ಗೊತ್ತಿದ್ದ ಬಣ್ಣದಲ್ಲಿರಲಿಲ್ಲ. ಕಡಲೆ, ಶೇಂಗಾ, ಹೆಸರುಕಾಳು ಹೇಗೋ ಬರೆದಳು, ಗೊಬ್ಬರದ ತಟ್ಟೆಯಲ್ಲಿದ್ದ ಯೂರಿಯಾ ಕೂಡ. ಗೋಡೆಗೆ ಒರಗಿಸಿಟ್ಟ ಕುಂಟೆ, ಕೂರಿಗೆಗಳಲ್ಲಿ ಯಾವುದೂ ಬಾಚಣಿಗೆಯ ಹಾಗಿರಲಿಲ್ಲ.

ಕೊನೆಯ ಮೇಜಿನಲ್ಲಿ ಬಾಯಿಮಾತಿನ ಪರೀಕ್ಷೆ. ಅಲ್ಲಿ ಕೂತಿದ್ದ ಗಿರಿಜಾದೇವಿ ಅನ್ನುವ ಹಿರಿಯ ಪ್ರಾಧ್ಯಾಪಕಿ ಕಂದು ಬಣ್ಣದ ನಾಲ್ಕು ಕಾಳನ್ನು ಅವಳ ಅಂಗೈಗೆ ಹಾಕಿದರು. ಗೊತ್ತಿಲ್ಲ ಮೇಡಂ ಅಂದಳು. ತೊಗರಿ ಕಣಮ್ಮ, ನಿಮ್ಮ ಮನೇಲಿ ಸಾರು ಮಾಡಲ್ವಾ ಎಂದು ಕೇಳಿದರು. ಹೊಲಕ್ಕೆ ಕಾಲಿಟ್ಟಿದ್ದೀಯಾ ಎಂದು ಕೇಳಿದರು. ಇಲ್ಲ ಅಂದಳು. ಮತ್ತೆ ಯಾಕೆ ಬಂದೆ ಎಂದು ಅವರು ಕೇಳಿದ್ದು ಬೈಗುಳದಂತಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಂತಿತ್ತು. ವಚನಾ ಬಕೆಟ್ಟಿನ ಮಣ್ಣಿನ ವಿಷಯ, ಚರಂಡಿ ಹಿಡಿದು ನಡೆದ ವಿಷಯ, ಕಡಿದ ದಿಬ್ಬದ ವಿಷಯ ಹೇಳಿದಳು. ಗಂಟೆ ಹೊಡೆಯಿತು. ಗಿರಿಜಾದೇವಿ ಕೈಯೆತ್ತಿ ಹಿಂದಿನ ಹುಡುಗನನ್ನು ತಡೆದು, ನೀರು ಎಷ್ಟು ದೂರದಿಂದ ಬರುತ್ತೆ, ದಿಬ್ಬ ಎಷ್ಟು ಕಡಿದಾಗಿದೆ ಎಂದೆಲ್ಲ ವಿಚಾರಿಸಿದರು.

"ಇದನ್ನ ಓದ್ಬೇಕಾದೋಳು ನೀನೇ ಕಣಮ್ಮ," ಅಂದರು ಆಮೇಲೆ. "ಆದ್ರೆ ಇದು ಬೀಜದ ಪರೀಕ್ಷೆ. ನೀನು ಹೇಳಿದ್ದಕ್ಕೆ ನನ್ನ ಹತ್ರ ಮಾರ್ಕ್ಸ್ ಇಲ್ಲ."

ವಚನಾ ಪರೀಕ್ಷೆಯಲ್ಲಿ ಫೇಲಾದಳು. ಕೋಟಾ ಕೈಬಿಟ್ಟಿತು. ಮೂರನೇ ದಿನ ಶಂಭುಲಿಂಗಪ್ಪನವರು ಅರ್ಜಿ ಬರೆಯಲು ಕೂತರು. ಮೂರು ತಲೆಮಾರಿನ ಕೃಷಿಕ ಕುಟುಂಬಕ್ಕೆ ಆದ ಅನ್ಯಾಯದ ಬಗ್ಗೆ ನಾಲ್ಕು ಪುಟ. ಕಳಿಸಬೇಡಿ ಎಂದು ವಚನಾ ಕೇಳಿಕೊಂಡಳು, ಆಮೇಲೆ ಕಿರುಚಿದಳು, ಆಮೇಲೆ ಅಳುತ್ತ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಚೆಯಿಂದ ಅಪ್ಪ, ತೊಗರಿ ಕೂಡ ಗೊತ್ತಾಗಲಿಲ್ವಾ ನಿಂಗೆ ಎಂದು ಕೇಳುತ್ತಿದ್ದರು. ಜೀವನದಲ್ಲಿ ಮೊದಲ ಸಲ ಅವಳಿಗೆ ಅಪ್ಪನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಸಿಇಟಿ ರ‍್ಯಾಂಕು ಬಂತು. ಹೊಗಳುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ. ಜುಲೈನಲ್ಲಿ ಮಲ್ಲೇಶ್ವರದಲ್ಲಿ ಕೌನ್ಸೆಲಿಂಗ್. ನೂರಾರು ಅಪ್ಪಂದಿರು, ನೂರಾರು ಮಕ್ಕಳು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೈಲು. ನಂಬರು ಕೂಗಿದವರು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರಬೇಕು, ಪರದೆಯ ಮೇಲೆ ಉಳಿದ ಸೀಟುಗಳು ಕಾಣುತ್ತವೆ, ಒಂದನ್ನು ಆರಿಸಿ ಹೇಳಬೇಕು, ಅಲ್ಲಿಗೆ ಮುಗಿಯಿತು. ಶಂಭುಲಿಂಗಪ್ಪನವರು ಕೋಟಾ ಇಲ್ಲದಿದ್ದರೂ ಪಹಣಿಯ ಫೈಲು ತಂದಿದ್ದರು. ಕೆಂಗೇರಿಯ ಆಚೆ ಹೊಸದಾಗಿ ಶುರುವಾದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕೇ ಸಿಗುತ್ತದೆ, ಮನೆಯಿಂದಲೇ ಓಡಾಡಬಹುದು ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದಿದ್ದರು. ವಚನಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಕೃಷಿ ಎಂಜಿನಿಯರಿಂಗ್ ಇನ್ನೆಲ್ಲಿ ಉಳಿದಿರುತ್ತದೆ?

ಉಳಿದಿತ್ತು. ಆಪರೇಟರು ಪರದೆ ತಿರುಗಿಸಿದಾಗ ವಚನಾಗೆ ಮೊದಲು ಕಂಡದ್ದೇ ಅದು. ರಾಯಚೂರು, ಕೃಷಿ ಎಂಜಿನಿಯರಿಂಗ್, ಸಾಮಾನ್ಯ ವರ್ಗ. ಕೋಟಾ ಇಲ್ಲ, ಪರೀಕ್ಷೆ ಇಲ್ಲ, ಕೇಳಿದರೆ ಕೊಡುತ್ತಾರೆ. ಮೂರು ತಿಂಗಳ ಡಬ್ಬ, ಕುಕ್ಕರು, ನಾಲ್ಕು ಪುಟದ ಅರ್ಜಿ, ಯಾವುದೂ ಬೇಕಿರಲಿಲ್ಲ. ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಅದು," ಎಂದು ಬೆರಳಿಟ್ಟು ತೋರಿಸಿದಳು.

ಶಂಭುಲಿಂಗಪ್ಪನವರು ಬಗ್ಗಿ ಓದಿದರು. ಆಪರೇಟರನ್ನು ಕೇಳಿದರು, ಇದು ಯಾಕೆ ಇನ್ನೂ ಖಾಲಿ ಇದೆ ಎಂದು. ಇದನ್ನ ಯಾರೂ ಕೇಳಲ್ಲ ಸಾರ್, ಹಾಗೇ ಉಳಿದಿದೆ ಎಂದು ಅವನು ಆಕಳಿಸುತ್ತ ಹೇಳಿದ. ಅದೇ ಮುಳುವಾಯಿತು. ಮೂರು ತಿಂಗಳು ಇದೇ ಸೀಟಿಗಾಗಿ ರೈತರಾಗಿದ್ದ ಮನುಷ್ಯನ ಮುಖ ಕ್ಷಣದಲ್ಲಿ ಬದಲಾಯಿತು. ಪರೀಕ್ಷೆ ಇದ್ದಾಗ, ಕೋಟಾ ಇದ್ದಾಗ, ಅನ್ಯಾಯವಾದಾಗ ಅದು ಬೆಲೆಯುಳ್ಳ ಸೀಟಾಗಿತ್ತು. ಈಗ ಅದು ಸಂಜೆ ಗಾಡಿಯಲ್ಲಿ ಮಿಕ್ಕ ಬದನೆಕಾಯಿ.

"ಯಾರಿಗೂ ಬೇಡದ್ದು ನಮಗ್ಯಾಕಮ್ಮ?" ಎಂದು ಮಗಳಿಗೆ ಮೆಲ್ಲಗೆ ಹೇಳಿದರು. "ಇಷ್ಟು ಜನ ಬಿಟ್ಟಿದಾರೆ ಅಂದ್ರೆ ಅವರೆಲ್ಲ ದಡ್ಡರಾ? ಎಲೆಕ್ಟ್ರಾನಿಕ್ಸ್ ಇದೆ ನೋಡು ಇಲ್ಲೇ."

ಆಪರೇಟರು ಬೇಗ ಹೇಳಿ ಅಂದ. ಹಿಂದೆ ಮುಂದಿನ ನಂಬರಿನವರು ಬಂದು ನಿಂತಿದ್ದರು. ವಚನಾ ಕಿರುಚುತ್ತೇನೆ ಅಂದುಕೊಂಡಿದ್ದಳು, ಧ್ವನಿ ಮಾತ್ರ ಸಣ್ಣಗೆ ಬಂತು.

"ಯಾರಿಗೂ ಬೇಡ ಅಂತಾನೇ ಅಪ್ಪಾಜಿ ನಮ್ಮನೆಗೆ ನೀರು ಬರ್ತಿರೋದು," ಅಂದಳು. "ಆ ದಿಬ್ಬ ಕಡಿದೋರಿಗೆ ಇದು ಬೇಡ. ರಸ್ತೆ ಹಾಕ್ದೋರಿಗೆ ಬೇಡ. ನಿಮ್ಮ ಅರ್ಜಿ ಓದ್ದೋರಿಗೆ ಬೇಡ. ಐದು ವರ್ಷದಿಂದ ಅಮ್ಮ ಬಗ್ಗಿ ಬಗ್ಗಿ ಬಾಚಿ ಹಾಕ್ತಿದಾಳೆ. ನಂಗ್ ಬೇಕು."

ಶಂಭುಲಿಂಗಪ್ಪನವರು ಪರದೆ ನೋಡಿದರು, ಮಗಳನ್ನು ನೋಡಿದರು. ಹೆಂಡತಿಯ ಸೊಂಟನೋವಿಗೆ ತಾವೇ ಮುಲಾಮು ತಂದುಕೊಡುತ್ತಿದ್ದವರು ಅವರು, ಆ ನೋವು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿಕೊಂಡವರಲ್ಲ. ಈಗ ಅದು ಹೊಳೆದಿರಬೇಕು, ಅವರ ಕುತ್ತಿಗೆ ಕೆಂಪಾಯಿತು. ಹಿಂದಿನವರು ಕೆಮ್ಮಿದರು.

"ನಂಗೆ ಇದ್ರಲ್ಲಿ ಏನೂ ಗೊತ್ತಿಲ್ಲ ಸಾರ್," ಎಂದು ಅವರು ಆಪರೇಟರಿಗೆ ಹೇಳಿದರು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನಿಗೆ, ಎಲ್ಲರೂ ಕೇಳುವ ಹಾಗೆ. "ಅವಳಿಗೆ ಗೊತ್ತಿದೆ. ಅವಳು ಹೇಳಿದ್ದೇ ಹಾಕಿ."

ವಚನಾ ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತು. ಆಪರೇಟರು ಒತ್ತಿದ, ಪ್ರಿಂಟರು ಕಿರಗುಟ್ಟಿತು, ಹಾಳೆ ಹೊರಗೆ ಬಂತು.

ಮೆಟ್ಟಿಲಿಳಿಯುವಾಗ ಶಂಭುಲಿಂಗಪ್ಪನವರು ಹಾಳೆಯನ್ನು ಒಂದು ಸಲ ಓದಿಕೊಂಡರು. ಗೇಟಿನ ಹತ್ತಿರ ಯಾರೋ ಅಪ್ಪ, ಮಗನ ನಂಬರು ಇನ್ನೂ ಬಂದಿರದವರು, ಏನು ಸಿಕ್ತು ಸಾರ್ ಎಂದು ಕೇಳಿದರು. ಅಷ್ಟು ಸಾಕಾಯಿತು. ಮಣ್ಣು ಮತ್ತು ನೀರಿನ ಸಂರಕ್ಷಣೆ, ಮುಂದಿನ ಕಾಲವೆಲ್ಲ ಇದೇ ನೋಡ್ತಿರಿ, ನಾನು ಮೊದಲಿಂದ ಹೇಳ್ತಾನೇ ಬಂದಿದ್ದೆ ಎಂದು ಅವರು ಕೈ ತಿರುಗಿಸಿ ತಿರುಗಿಸಿ ವಿವರಿಸತೊಡಗಿದರು. ಇಳಿಜಾರು ಅಂದರು, ಬದು ಅಂದರು, ಅರ್ಧಕ್ಕರ್ಧ ತಪ್ಪು. ವಚನಾ ಹಲ್ಲು ಕಚ್ಚಿಕೊಂಡು ಪಕ್ಕದಲ್ಲಿ ನಿಂತಳು. ಮೊದಲಿಂದ ಅಂತೆ.

ಆ ಮನುಷ್ಯ ಫೈಲಿನ ಕಡೆ ನೋಡಿ, ಕೃಷಿಕರ ಕೋಟಾದಲ್ಲಾ ಸಾರ್ ಎಂದು ಕೇಳಿದರು.

ಶಂಭುಲಿಂಗಪ್ಪನವರು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಇಲ್ಲ ಇಲ್ಲ," ಅಂದರು, ಮಗಳ ಹೆಗಲ ಮೇಲೆ ಕೈಯಿಟ್ಟು. "ಅದು ನಮ್ಮದು, ಅದ್ರಲ್ಲಿ ಫೇಲಾದ್ವಿ. ಇದು ಅವಳದ್ದು."

ವಚನಾ ಅವರ ಒಂದು ತಪ್ಪನ್ನೂ ತಿದ್ದಲಿಲ್ಲ. ಹೆಗಲ ಮೇಲಿನ ಕೈಯನ್ನು ಹಾಗೇ ಬಿಟ್ಟು, ಅವರ ಮಾತು ಮುಗಿಯುವವರೆಗೂ ಬಿಸಿಲಲ್ಲಿ ಕಾದು ನಿಂತಳು.